ಮಳೆಗಾಲದಲ್ಲಿ ಗಿಟಾರ್ ಕಿಟ್ ಜೋಡಿಸಬಹುದಾ?

ಪ್ರಶ್ನೆ: ನಾನು ತೀರ್ಥಹಳ್ಳಿ ಹತ್ತಿರದ ಹಳ್ಳಿಯವನು. ಟೆಲಿಕ್ಯಾಸ್ಟರ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಕಿಟ್ ತರಿಸಿದ್ದೇನೆ. ಬಾಡಿ, ನೆಕ್ (ಕೈಯಲ್ಲಿ ಹಿಡಿಯುವ ಉದ್ದನೆಯ ಕತ್ತು) ಎರಡೂ ಬಣ್ಣ ಬಳಿಯದ ಬರೀ ಮರ. ಇಲ್ಲಿ ಮಳೆ ಹಿಡಿದುಕೊಂಡಿದೆ. ಈಗಲೇ ಪಾಲಿಶ್ ಮಾಡಿ ಜೋಡಿಸಲಾ, ಇಲ್ಲ ಕಾಯಲಾ? ಬೆಂಗಳೂರಿನ ಗೆಳೆಯ ಇದೇ ಕಿಟ್ ಜೋಡಿಸಿದ್ದಾನೆ. ಅವನದ್ದು ಮೇಲಿನ ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ ಬಾಡಿ ಕಡೆಯವು) ಶ್ರುತಿ ಸೇರಲ್ಲ, ದಪ್ಪ ತಂತಿ ಜರ್ ಅನ್ನುತ್ತದೆ, ಆಂಪ್ಲಿಫೈಯರ್‌ಗೆ (ಆಂಪ್) ಹಾಕಿದರೆ ಗುಂಯ್ ಅಂತ ಸದ್ದು. ಅಗ್ಗದ ಕಿಟ್‌ಗಳ ಹಣೆಬರಹವೇ ಇಷ್ಟಾ? ಕೊನೆಯದಾಗಿ, ಮನೆಯಲ್ಲಿ ಹಲಸಿನ ಹಲಗೆ ಇದೆ. ಅದರಲ್ಲಿ ಇನ್ನೊಂದು ಬಾಡಿ ಮಾಡಬಹುದಾ?

ಉತ್ತರ: ಜೋಡಿಸಿ. ಪಾಲಿಶ್ ಮಾತ್ರ ಈಗ ಬೇಡ.

ನಿಮ್ಮ ಗೆಳೆಯನ ಗಿಟಾರಿನ ಮೂರು ದೂರುಗಳಲ್ಲಿ ಒಂದೂ ಕಿಟ್ ಕೆಟ್ಟದ್ದು ಅನ್ನುವುದಕ್ಕೆ ಸಾಕ್ಷಿ ಅಲ್ಲ. ಸ್ಕ್ರೂ ಎಲ್ಲ ಬಿಗಿಯಾದ ಮೇಲೆ ಕೆಲಸ ಮುಗಿಯಿತು ಅಂದುಕೊಂಡು ನುಡಿಸಲು ಕೂತಿದ್ದಾರೆ, ಅಷ್ಟೇ. ಕಿಟ್ ಗಿಟಾರಿನಲ್ಲಿ ಅಸಲಿ ಕೆಲಸ ಶುರುವಾಗುವುದೇ ಅಲ್ಲಿಂದ. ಕಾರ್ಖಾನೆಯಲ್ಲಿ ಕೊನೆಗೆ ಒಬ್ಬರು ಕೂತು ಮಾಡುವ ಸೆಟಪ್, ಅಂದರೆ ನೆಕ್ಕಿನ ಬಾಗು, ತಂತಿಯ ಎತ್ತರ, ಶ್ರುತಿ ಎಲ್ಲ ಹೊಂದಿಸುವ ಕೆಲಸ, ನಿಮ್ಮ ಡಬ್ಬದಲ್ಲಿ ಇರುವುದಿಲ್ಲ. ಅದನ್ನು ನೀವೇ ಮಾಡಬೇಕು. ಮಾಡಿದರೆ ಅಗ್ಗದ ಕಿಟ್ ಕೂಡ ಚೆನ್ನಾಗಿ ನುಡಿಯುತ್ತದೆ.

ನೀವು ಆರಿಸಿಕೊಂಡ ಮಾದರಿ ಒಳ್ಳೆಯದು. ಲಿಯೋ ಫೆಂಡರ್ 1950ರಲ್ಲಿ ಈ ಬಗೆಯ ಗಿಟಾರನ್ನು ಮಾರುಕಟ್ಟೆಗೆ ತಂದಾಗ ನೆಕ್ಕನ್ನು ಅಂಟಿಸಲಿಲ್ಲ, ಸ್ಕ್ರೂ ಹಾಕಿ ಕೂರಿಸಿದರು. ಬಾಡಿ ಒಂದು ಚಪ್ಪಟೆ ಹಲಗೆ. ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್ ಅಲುಗುವುದಿಲ್ಲ, ಹಿಂದೆ ಸ್ಪ್ರಿಂಗ್ ಗಲಾಟೆ ಇಲ್ಲ. ಮೊದಲ ಸಲ ಕೈ ಹಾಕುವವರಿಗೆ ಇದಕ್ಕಿಂತ ಸುಲಭದ್ದು ಸಿಗಲ್ಲ.

ಈಗ ಮಳೆ ವಿಷಯ. ಆಗುಂಬೆ ನಿಮ್ಮ ತಾಲ್ಲೂಕಿನದೇ. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಹಾಗಾಗಿ ಬೆಂಗಳೂರಿನವರೋ ಹೊರದೇಶದವರೋ ಹೇಳಿದ ಪಾಲಿಶ್ ಲೆಕ್ಕ ನಿಮ್ಮ ಮನೆಗೆ ಹೊಂದುವುದಿಲ್ಲ. ಮರ ಸುತ್ತಲಿನ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ, ಬಿಡುತ್ತದೆ. ಗಾಳಿಯ ತೇವ ಶೇ. 50ರಷ್ಟಿದ್ದರೆ ಮರದಲ್ಲಿ ನೀರಿನ ಅಂಶ ಶೇ. 9ರ ಆಸುಪಾಸು ನಿಲ್ಲುತ್ತದೆ. ಗಾಳಿಯ ತೇವ ಶೇ. 90ಕ್ಕೆ ಏರಿ ಹಾಗೇ ನಿಂತರೆ ಮರದ್ದು ಶೇ. 20ರ ಹತ್ತಿರ ಹೋಗುತ್ತದೆ. ಹಾಗೆ ಉಬ್ಬಿದ ಮರಕ್ಕೆ ಲ್ಯಾಕರ್ ಹೊಡೆದರೆ ತೇವವನ್ನು ಒಳಗೆ ಕೂಡಿಹಾಕಿದಂತೆ. ಬೇಸಿಗೆಯಲ್ಲಿ ಮರ ನಿಧಾನಕ್ಕೆ ಕುಗ್ಗುತ್ತದೆ. ಆಗ ಹಲಗೆ ಅಂಟಿಸಿದ ಗೆರೆಗಳು ಲ್ಯಾಕರ್ ಮೇಲೆ ಎದ್ದು ಕಾಣುತ್ತವೆ.

ಲ್ಯಾಕರ್‌ಗೆ ಇನ್ನೊಂದು ಕಾಟವೂ ಇದೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರಿನ ಥಿನ್ನರ್ ಬೇಗ ಹಾರಿಹೋಗುತ್ತದೆ. ಹಾರುವಾಗ ಮರದ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುತ್ತದೆ. ಒಣಗಿದ ಮೇಲೆ ನೋಡಿದರೆ ಹಾಲು ಬಳಿದ ಹಾಗೆ ಬೆಳ್ಳಗೆ ಮಂಜು. ಸ್ಪಿರಿಟ್‌ನಲ್ಲಿ ಕರಗಿಸುವ ಫ್ರೆಂಚ್ ಪಾಲಿಶ್‌ಗೂ ಇದೇ ಗತಿ. ನಿಧಾನಕ್ಕೆ ಹಾರುವ ಥಿನ್ನರ್ ಬೆರೆಸಿ ಸುಧಾರಿಸಬಹುದು. ಆದರೆ ಅಷ್ಟು ಅವಸರ ಯಾಕೆ? ಮಳೆ ಪೂರ್ತಿ ಬಿಟ್ಟು, ಬಿಸಿಲು ಕಾದು, ಡಿಸೆಂಬರ್–ಜನವರಿ ಆಗಲಿ. ಆಗ ಬಾಡಿಗೆ ಬಣ್ಣ ಬಳಿಯಿರಿ.

ಬಟ್ಟೆ ಒಣಗಿಸಲು ಬಚ್ಚಲ ಒಲೆ ಹತ್ತಿರ ಹರವುತ್ತೇವಲ್ಲ, ಬಾಡಿಯನ್ನು ಅಲ್ಲಿ ಇಡಬೇಡಿ. ಅಡುಗೆಮನೆ ಅಟ್ಟವೂ ಬೇಡ. ಒಂದೇ ಮಗ್ಗುಲಿಗೆ ಬಿಸಿ ಬಿದ್ದರೆ ಹಲಗೆ ಬಾಗುತ್ತದೆ. ಕೆಲಸ ಇಲ್ಲದಾಗ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕಟ್ಟಿಡಿ. ಬೂಷ್ಟೂ ಹಿಡಿಯಲ್ಲ, ತಂತಿ ತುಕ್ಕೂ ಹಿಡಿಯಲ್ಲ.

ನೆಕ್ ಬೇರೆ ಮಾತು. ಬರೀ ಮೇಪಲ್ ಮರ ಕೈ ಬೆವರಿಗೆ ಬೇಗ ಕಪ್ಪಾಗುತ್ತದೆ, ತೇವವನ್ನೂ ಎಳೆಯುತ್ತದೆ. ಅದಕ್ಕೆ 320, ಆಮೇಲೆ 400 ನಂಬರಿನ ಸ್ಯಾಂಡ್ ಪೇಪರ್ ಆಡಿಸಿ, ಬೇಯಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಒರೆಸಿ. ಮಳೆಗಾಲದಲ್ಲಿ ಒಂದು ಕೋಟ್ ಒಣಗಲು ಎರಡು ಮೂರು ದಿನ ಹಿಡಿದರೂ ಕಾಯಿರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆ ಬಟ್ಟೆ ತಾನಾಗೇ ಹೊತ್ತಿಕೊಳ್ಳುತ್ತದೆ. ಇದು ಸುಮ್ನೆ ಹೆದರಿಸುವ ಮಾತಲ್ಲ. ಬಟ್ಟೆಯನ್ನು ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹಾಕಿ.

ಹಾಗಾದರೆ ಕ್ರಮ ಹೀಗೆ. ಮಳೆಗಾಲದಲ್ಲಿ ಬಣ್ಣ ಇಲ್ಲದೆಯೇ ಪೂರ್ತಿ ಜೋಡಿಸಿ, ತಂತಿ ಹಾಕಿ, ನುಡಿಸಿ, ತಪ್ಪುಗಳನ್ನೆಲ್ಲ ಹುಡುಕಿ ತಿದ್ದಿ. ತೂತು ಕೊರೆಯುವುದು, ಉಜ್ಜುವುದು ಎಲ್ಲ ಬರೀ ಮರದ ಮೇಲೇ ಮುಗಿಯಲಿ. ಚಳಿಗಾಲದಲ್ಲಿ ಬಿಚ್ಚಿ, ಬಣ್ಣ ಮಾಡಿ, ಮತ್ತೆ ಜೋಡಿಸಿ. ಬಣ್ಣ ಮೊದಲು ಮಾಡಿದವರು ಆಮೇಲೆ ಡ್ರಿಲ್ ಜಾರಿ ಗೀರು ಬಿದ್ದಾಗ ಅಳುವುದನ್ನು ಬೇಕಾದಷ್ಟು ನೋಡಿದ್ದೇನೆ.

ಡಬ್ಬ ಬಿಚ್ಚಿದ ತಕ್ಷಣ ಸ್ಕ್ರೂ ಡ್ರೈವರ್ ತಗೋಬೇಡಿ. ಮೊದಲು ಸ್ಕೇಲ್ ತಗೊಳ್ಳಿ. ನಟ್‌ನಿಂದ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಗೀರುಗಳಿರುವ ಪಟ್ಟಿ) 12ನೇ ಫ್ರೆಟ್‌ವರೆಗೆ ಅಳೆಯಿರಿ. ಈ ಮಾದರಿಯಲ್ಲಿ 324 ಮಿಲಿಮೀಟರ್ ಬರಬೇಕು. ಅದರ ಎರಡರಷ್ಟು, ಅಂದರೆ 648, ತಂತಿಯ ಉದ್ದ. ನೆಕ್ಕನ್ನು ಬಾಡಿಯ ಗುಂಡಿಯಲ್ಲಿ ಸುಮ್ಮನೆ ಕೂರಿಸಿ. ಬ್ರಿಡ್ಜಿನಲ್ಲಿ ಸಣ್ಣ ಇ (ಎಲ್ಲಕ್ಕಿಂತ ತೆಳು) ತಂತಿಯ ಸ್ಯಾಡಲ್ಲನ್ನು (ತಂತಿ ಕೂರುವ ಪುಟ್ಟ ಆಸರೆ) ಬಹುಪಾಲು ಮುಂದಕ್ಕೆ ತಂದು, ಅದು ಈ 648ರ ಗೆರೆಗೆ ಬರುತ್ತಾ ನೋಡಿ. ಅಲ್ಲಿಂದ ಹಿಂದಕ್ಕೆ ಸರಿಸಲು ಜಾಗ ಇರಲೇಬೇಕು, ಯಾಕಂದರೆ ದಪ್ಪ ತಂತಿಗಳಿಗೆ ಸ್ವಲ್ಪ ಜಾಸ್ತಿ ಉದ್ದ ಬೇಕು. ಬ್ರಿಡ್ಜ್ ತೂತುಗಳನ್ನು ಕೊರೆದೇ ಕಳಿಸಿದ್ದರೂ ಈ ಅಳತೆ ಬಿಡಬೇಡಿ. ಇಲ್ಲಿ ತಪ್ಪಾಗಿದ್ದರೆ ಶ್ರುತಿ ಯಾವತ್ತೂ ಸೇರುವುದಿಲ್ಲ.

ಇದಾದ ಮೇಲೆ ದಾರದ ಪರೀಕ್ಷೆ. ಎರಡು ದಾರ ತಗೊಂಡು ನಟ್‌ನ ಎರಡೂ ತುದಿಯ ಗೀರುಗಳಿಂದ ಬ್ರಿಡ್ಜಿನ ಎರಡು ಕೊನೆಯ ಸ್ಯಾಡಲ್‌ಗೆ ಬಿಗಿಯಾಗಿ ಎಳೆದು ಟೇಪ್ ಹಚ್ಚಿ. ಕೊನೆಯ ಫ್ರೆಟ್ ಹತ್ತಿರ ಬಗ್ಗಿ ನೋಡಿ. ದಾರಕ್ಕೂ ಫ್ರೆಟ್‌ಬೋರ್ಡಿನ ಅಂಚಿಗೂ ಇರುವ ಸಂದು ಎರಡೂ ಕಡೆ ಒಂದೇ ಆಗಿದೆಯಾ? ಒಂದು ಕಡೆ ಸಣ್ಣ ಇ ತಂತಿ ಅಂಚಿಗೆ ಬಂದುಬಿಟ್ಟರೆ ನುಡಿಸುವಾಗ ಬೆರಳಿನಿಂದ ಜಾರಿ ಕೆಳಗೆ ಬೀಳುತ್ತದೆ. ನೆಕ್ಕನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ದಾರ ಎಷ್ಟು ಸರಿಯುತ್ತದೆ ನೋಡಿ, ಆಶ್ಚರ್ಯ ಆಗುತ್ತದೆ. ಸರಿಯಾದ ಜಾಗ ಸಿಕ್ಕ ಮೇಲೇ ಕ್ಲ್ಯಾಂಪ್ ಹಾಕಿ, ತೂತಿನ ಗುರುತು ಮಾಡಿ.

ನೆಕ್ ಸ್ಕ್ರೂ ನಾಲ್ಕು. ಅವು ಬಾಡಿಯ ತೂತಿನಲ್ಲಿ ಸಲೀಸಾಗಿ ಹೋಗಬೇಕು, ನೆಕ್ಕಿನಲ್ಲಿ ಮಾತ್ರ ಕಚ್ಚಬೇಕು. ಬಾಡಿಯಲ್ಲೂ ಕಚ್ಚಿದರೆ ಎಷ್ಟು ಬಿಗಿ ಮಾಡಿದರೂ ಎರಡರ ನಡುವೆ ಸಂದು ಉಳಿಯುತ್ತದೆ. ಸ್ಕ್ರೂಗೆ ಮೇಣದಬತ್ತಿ ಉಜ್ಜಿ. ತಂತಿ ತಿರುಪುವ ಟ್ಯೂನರಿನ ಪುಟಾಣಿ ಸ್ಕ್ರೂಗಳಿಗಂತೂ ಮೇಣವೂ ಬೇಕು, ಮೊದಲೇ ಕೊರೆದ ತೂತೂ ಬೇಕು. ಕಿಟ್ಟಿನ ಸ್ಕ್ರೂ ಮೆತ್ತನೆ ಕಬ್ಬಿಣ. ಮೇಪಲ್‌ನಲ್ಲಿ ಒಣಗೈಯಲ್ಲಿ ತಿರುಗಿಸಿದರೆ ತಲೆ ಕಿತ್ತು ಕೈಗೆ ಬರುತ್ತದೆ, ಮೈ ಒಳಗೇ ಉಳಿಯುತ್ತದೆ. ನೆಕ್ ಗುಂಡಿಗೆ ಬಿಗಿಯಾಯಿತು ಅಂತ ಸುತ್ತಿಗೆಯಲ್ಲಿ ಬಡಿಯಬೇಡಿ. ಮುಂದೆ ಬಣ್ಣ ಬಳಿಯುವಾಗ ಗುಂಡಿಯ ಒಳಗೆ ಟೇಪ್ ಹಚ್ಚಿ ಬಿಡಿ, ಇಲ್ಲದಿದ್ದರೆ ಬಣ್ಣದ ದಪ್ಪಕ್ಕೇ ನೆಕ್ ಕೂರದೆ ಹೋಗುತ್ತದೆ.

ವೈರಿಂಗ್ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ತಂತಿಯ ಸದ್ದು ಹಿಡಿಯುವ ಎರಡು ಪಿಕಪ್, ಒಂದು ಸ್ವಿಚ್, ಒಂದು ವಾಲ್ಯೂಮ್, ಒಂದು ಟೋನ್, ಒಂದು ಜ್ಯಾಕ್. ಚಿತ್ರ ಡಬ್ಬದಲ್ಲೇ ಇರುತ್ತದೆ. ಬೆಸುಗೆಗೆ ರೋಸಿನ್ ಇರುವ ಎಲೆಕ್ಟ್ರಾನಿಕ್ಸ್ ಸೋಲ್ಡರ್ ತಂತಿಯೇ ಬೇಕು, ತಗಡಿನ ಕೆಲಸದ ಆಸಿಡ್ ಬೇಡ. ಪಾಟ್‌ನ (ವಾಲ್ಯೂಮ್, ಟೋನ್ ತಿರುಗಿಸುವ ಬಿಡಿಭಾಗ) ಬೆನ್ನಿಗೆ ವೈರ್ ಹಚ್ಚುವುದೇ ಕಷ್ಟದ್ದು, ಅದು ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಬೆನ್ನನ್ನು ಸ್ಯಾಂಡ್ ಪೇಪರಿನಲ್ಲಿ ಸ್ವಲ್ಪ ಗೀರಿ, 40 ವ್ಯಾಟ್‌ಗಿಂತ ಕಮ್ಮಿ ಇಲ್ಲದ ಐರನ್ ಬಳಸಿ. ಲೋಹ ಬಿಸಿಯಾದ ಮೇಲೆ ಸೋಲ್ಡರ್ ತಾನಾಗೇ ಹರಿಯಬೇಕು. ಉಂಡೆಯಾಗಿ ಮೇಲೆ ಕೂತರೆ ಅದು ಬೆಸುಗೆ ಅಲ್ಲ, ಇವತ್ತಲ್ಲ ನಾಳೆ ಬಿಡುತ್ತದೆ. ತಂತಿ ಹಾಕುವ ಮೊದಲೇ ಆಂಪ್‌ಗೆ ಸಿಗಿಸಿ, ಸ್ಕ್ರೂ ಡ್ರೈವರ್ ತುದಿಯಿಂದ ಪಿಕಪ್ ಮುಟ್ಟಿ ನೋಡಿ. ಟಕ್ ಅಂದರೆ ಜೀವ ಇದೆ.

ಗೆಳೆಯನ ಗುಂಯ್ ಸದ್ದಿಗೆ ಒಂದು ಪರೀಕ್ಷೆ ಹೇಳಿ. ತಂತಿ ಮುಟ್ಟಿದರೆ ಸದ್ದು ಕಮ್ಮಿ ಆಗುತ್ತಾ? ಹಾಗಾದರೆ ವೈರಿಂಗ್ ಸರಿಯೇ ಇದೆ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಮನೆಯ 50 ಹರ್ಟ್ಸ್ ಕರೆಂಟಿನ ಸದ್ದನ್ನು ಹಿಡಿದೇ ಹಿಡಿಯುತ್ತದೆ. ಮುಟ್ಟಿದರೆ ಜಾಸ್ತಿ ಆದರೆ ಜ್ಯಾಕಿನ ಎರಡು ವೈರ್ ಅದಲುಬದಲಾಗಿವೆ. ಏನೂ ವ್ಯತ್ಯಾಸ ಇಲ್ಲದಿದ್ದರೆ ಬ್ರಿಡ್ಜ್ ಅಡಿಗೆ ಹೋಗಬೇಕಾದ ಅರ್ಥ್ ವೈರ್ ಅಲ್ಲಿಗೆ ಮುಟ್ಟಿಲ್ಲ. ವೈರಿಂಗ್ ಕೂರುವ ಗುಂಡಿಯ ಒಳಗೆಲ್ಲ ತಾಮ್ರದ ಟೇಪ್ ಅಂಟಿಸಿ ಅರ್ಥ್‌ಗೆ ಸೇರಿಸಿದರೆ ಸದ್ದು ಇನ್ನಷ್ಟು ಇಳಿಯುತ್ತದೆ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಇನ್ವರ್ಟರ್ ಓಡುತ್ತಿರುತ್ತದೆ ಅಲ್ವಾ? ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಗಿಟಾರ್ ಜೇನುಗೂಡಿನಂತೆ ಝೇಂಕರಿಸುತ್ತದೆ, ಗಿಟಾರಿನದ್ದು ತಪ್ಪಿಲ್ಲ. ಒಂದು ವಿಷಯ ಖಡಾಖಂಡಿತ: ಸದ್ದು ಕಮ್ಮಿ ಆಗುತ್ತದೆ ಅಂತ ಆಂಪ್ ಪ್ಲಗ್ಗಿನ ಅರ್ಥ್ ಪಿನ್ ತೆಗೆಯಬೇಡಿ. ತಂತಿಯ ಮೂಲಕ ನಿಮ್ಮ ಕೈ ನೇರ ಆಂಪ್‌ನ ಲೋಹಕ್ಕೆ ಸೇರಿರುತ್ತದೆ. ಗುಡುಗು ಸಿಡಿಲು ಇದ್ದಾಗ ಪ್ಲಗ್ ಕಿತ್ತಿಡಿ.

ಈಗ ಸೆಟಪ್. ಕಿಟ್ ಜೊತೆ ಬಂದ ತಂತಿ ಎಸೆದು ಒಳ್ಳೆಯ 9–42 ಅಥವಾ 10–46 (ತೆಳು ತಂತಿ–ದಪ್ಪ ತಂತಿಯ ಅಳತೆ) ಸೆಟ್ ಹಾಕಿ. ಶ್ರುತಿ ಮಾಡಿ, ಒಂದು ರಾತ್ರಿ ಬಿಡಿ.

ಮೊದಲು ನೆಕ್ಕಿನ ಬಾಗು. ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್‌ನಲ್ಲಿ ದಪ್ಪ ಇ ತಂತಿ ಒತ್ತಿ ಹಿಡಿಯಿರಿ. ತಂತಿಯೇ ಈಗ ನೇರ ಗೆರೆ. 8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ 0.25 ಮಿಲಿಮೀಟರ್ ಸಂದು ಇರಬೇಕು. ಅಳೆಯಲು ಫೀಲರ್ ಗೇಜ್ ಸಾಕು. ಗಿಟಾರಿನದ್ದೇ ಬೇಕು ಅಂತಿಲ್ಲ. ಬೈಕಿನ ಟ್ಯಾಪೆಟ್ ಸೆಟ್ ಮಾಡಲು ಮೆಕ್ಯಾನಿಕ್‌ಗಳು ಇಟ್ಟುಕೊಳ್ಳುತ್ತಾರಲ್ಲ, ಅದೇ. ಶಿವಮೊಗ್ಗಕ್ಕೆ ಬಂದಾಗ ಯಾವುದಾದರೂ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ. ಸಂದು ಜಾಸ್ತಿ ಇದ್ದರೆ ನೆಕ್ ಒಳಗಿನ ಬಾಗು ಹೊಂದಿಸುವ ಟ್ರಸ್ ರಾಡನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ, ಕಮ್ಮಿ ಇದ್ದರೆ ಉಲ್ಟಾ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. ಬಲ ಹಾಕಬೇಕು ಅನ್ನಿಸಿದ ಕ್ಷಣ ನಿಲ್ಲಿಸಿ.

ಆಮೇಲೆ ನಟ್. ಕಿಟ್‌ಗಳಲ್ಲಿ ನಟ್ ಸಾಮಾನ್ಯವಾಗಿ ಎತ್ತರ. ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ, ಮೊದಲ ಫ್ರೆಟ್ ಮೇಲೆ ನೋಡಿ. ಒಂದು ತೆಳು ಕಾಗದ ತೂರುವಷ್ಟು ಸಂದು ಸಾಕು. ಜಾಸ್ತಿ ಇದ್ದರೆ ಮೊದಲ ಮೂರು ಫ್ರೆಟ್‌ಗಳಲ್ಲಿ ಒತ್ತಿದಾಗ ತಂತಿ ಹಿಗ್ಗಿ ಸ್ವರ ಏರುತ್ತದೆ. ‘ಓಪನ್ ತಂತಿ ಸರಿ ಇದೆ, ಕಾರ್ಡ್ ಹಿಡಿದರೆ ಅಪಸ್ವರ’ ಅನ್ನುವವರ ಗಿಟಾರಿನಲ್ಲಿ ಬಹಳ ಸಲ ಇದೇ ಕಾರಣ. ಎಲ್ಲ ತಂತಿಗೂ ಒಂದೇ ಸಮ ಎತ್ತರ ಇದ್ದರೆ ನಟ್ ತೆಗೆದು ಅಡಿಯನ್ನು ಸ್ಯಾಂಡ್ ಪೇಪರಿನ ಮೇಲೆ ಉಜ್ಜಿ. ಒಂದೆರಡೇ ಎತ್ತರ ಇದ್ದರೆ ಗೀರನ್ನು ಅರದಲ್ಲಿ ತಗ್ಗಿಸಿ. ಕೈ ಮೀರಿ ಆಳ ಹೋಯಿತಾ? ಗೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಒಂದು ಹನಿ ಫೆವಿಕ್ವಿಕ್ ಬಿಡಿ. ಕಲ್ಲಾಗುತ್ತದೆ. ಮತ್ತೆ ಕೊರೆಯಿರಿ.

ತಂತಿಯ ಎತ್ತರಕ್ಕೆ 12ನೇ ಫ್ರೆಟ್‌ನಲ್ಲಿ ದಪ್ಪ ಇ 2 ಮಿಲಿಮೀಟರ್, ಸಣ್ಣ ಇ 1.6 ಇಟ್ಟು ಶುರು ಮಾಡಿ. ಜರ್ ಸದ್ದು ಎಲ್ಲಿ ಬರುತ್ತದೆ ಅನ್ನುವುದರ ಮೇಲೆ ರೋಗ ಗೊತ್ತಾಗುತ್ತದೆ. ಮೊದಲ ಐದು ಫ್ರೆಟ್‌ಗಳಲ್ಲೆಲ್ಲ ಜರ್ ಅಂದರೆ ನೆಕ್ ಜಾಸ್ತಿ ನೇರ ಆಗಿದೆ, ರಾಡ್ ಸಡಿಲಿಸಿ. ಮೇಲಿನ ಫ್ರೆಟ್‌ಗಳಲ್ಲಿ ಮಾತ್ರ ಅಂದರೆ ಸ್ಯಾಡಲ್ ತಗ್ಗಿದೆ. ಒಂದೇ ಒಂದು ಫ್ರೆಟ್‌ನಲ್ಲಿ ಅಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ. ಮೂರು ಫ್ರೆಟ್ ಮೇಲೆ ಮಾತ್ರ ಕೂರುವಷ್ಟು ಗಿಡ್ಡ ಸ್ಟೀಲ್ ಪಟ್ಟಿ ಇಟ್ಟು ಅಲುಗಿಸಿ. ಟಕಟಕ ಅಂದರೆ ನಡುವಿನದ್ದೇ ಅಪರಾಧಿ. ತಂತಿ ಸರಿಸಿ, ಅದರ ಮೇಲೆ ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ. ಅಗ್ಗದ ಕಿಟ್‌ಗಳಲ್ಲಿ ಇಂಥ ಎದ್ದ ಫ್ರೆಟ್ ಸಾಮಾನ್ಯ. ಅರ್ಧ ನೆಕ್ ಹೀಗೇ ಇದ್ದರೆ ಮಾತ್ರ ಫ್ರೆಟ್ ಲೆವೆಲ್ ಮಾಡಿಸಬೇಕು. ಅದನ್ನು ಗೊತ್ತಿರುವವರ ಕೈಗೆ ಕೊಡಿ. ಖರ್ಚು ಮಾಡುವುದಾದರೆ ಹೊಸ ಪಿಕಪ್‌ಗಿಂತ ಇದಕ್ಕೆ ಮಾಡಿ ಅಂತ ನಾನು ಹೇಳುತ್ತೇನೆ.

ಮೇಲಿನ ಫ್ರೆಟ್‌ಗಳಲ್ಲೂ ಶ್ರುತಿ ಸೇರಿಸುವುದು ಕೊನೆಗೆ. 12ನೇ ಫ್ರೆಟ್ ಮೇಲೆ ತಂತಿಯನ್ನು ಬರೀ ಮುಟ್ಟಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಶ್ರುತಿ ತೋರಿಸುವ ಟ್ಯೂನರ್ ಯಂತ್ರದಲ್ಲಿ ಎರಡೂ ಒಂದೇ ತೋರಿಸಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಪ್ರತಿ ಸಲ ಶ್ರುತಿ ಮತ್ತೆ ಸರಿ ಮಾಡಿ. ಗೆಳೆಯನ ಗಿಟಾರಿಗೆ ಸ್ಕ್ರೂ ಡ್ರೈವರ್ ಹಿಡಿದು ಅರ್ಧ ಗಂಟೆ ಕೂತರೆ ಇದು ಮುಗಿಯುವ ಕೆಲಸ. ಅವರ ಬ್ರಿಡ್ಜಿನಲ್ಲಿ ಆರರ ಬದಲು ಮೂರೇ ಸ್ಯಾಡಲ್ ಇದ್ದರೆ ಎರಡೆರಡು ತಂತಿಗೆ ಒಂದು. ಆಗ ನಡುವಿನ ರಾಜಿಗೆ ಒಪ್ಪಬೇಕು. ದಪ್ಪ ತಂತಿಯಲ್ಲಿ ಒಂದೇ ಸ್ವರಕ್ಕೆ ಎರಡು ಸ್ವರ ಕೇಳಿದ ಹಾಗಾದರೆ ಪಿಕಪ್ ಇಳಿಸಿ. ಅಯಸ್ಕಾಂತ ಹತ್ತಿರ ಬಂದು ತಂತಿಯನ್ನು ಎಳೆಯುತ್ತಿರುತ್ತದೆ. ಕೊನೆಯ ಫ್ರೆಟ್ ಒತ್ತಿದಾಗ ದಪ್ಪ ಕಡೆ 2.4, ಸಣ್ಣ ಕಡೆ 2 ಮಿಲಿಮೀಟರ್ ದೂರ ಸಾಕು.

ನಿಮ್ಮ ಮನೆಯಲ್ಲಿ ಯಾರಾದರೂ ಕರ್ನಾಟಕ ಸಂಗೀತ ಕಲಿತವರಿದ್ದರೆ, ಇಷ್ಟೆಲ್ಲ ಮಾಡಿದ ಮೇಲೂ ‘ಗಾಂಧಾರ ಏರಿದೆ’ ಅನ್ನುತ್ತಾರೆ. ಅವರ ಕಿವಿ ಸರಿ. ಗಿಟಾರಿನ ಫ್ರೆಟ್‌ಗಳು ಸ್ಥಾಯಿಯನ್ನು 12 ಸಮಪಾಲು ಮಾಡಿ ಕೂತಿವೆ. ಅದರಲ್ಲಿ ಅಂತರ ಗಾಂಧಾರ, ತಂಬೂರಿಯಲ್ಲಿ ಕೇಳುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿದೆ. ನೂರು ಸೆಂಟ್ ಅಂದರೆ ಒಂದು ಫ್ರೆಟ್. ಕೀಬೋರ್ಡಿಗೂ ಇದೇ ಲೆಕ್ಕ. ಅದಕ್ಕಾಗಿ ಸ್ಯಾಡಲ್ ಜಗ್ಗಾಡಬೇಡಿ.

ಮಳೆಗಾಲದಲ್ಲಿ ಮಾಡಿದ ಸೆಟಪ್ ಫೆಬ್ರವರಿ–ಮಾರ್ಚ್‌ನಲ್ಲಿ ಹಾಗೇ ಇರುವುದಿಲ್ಲ. ಒಂದೊಂದು ನೆಕ್ ಒಂದೊಂದು ಕಡೆ ಬಾಗುತ್ತದೆ, ಮೊದಲೇ ಹೇಳಲು ಬರಲ್ಲ. ಮರ ಕುಗ್ಗಿ ಫ್ರೆಟ್ ತುದಿಗಳು ಕೈಗೆ ಚುಚ್ಚಬಹುದು. ಸಣ್ಣ ಅರದಲ್ಲಿ ಅಂಚಿಗೆ ಓರೆಯಾಗಿ ನಾಲ್ಕು ಸಲ ಎಳೆದರೆ ಆಯಿತು. ವರ್ಷಕ್ಕೆ ಎರಡು ಸಲ, ಮಳೆ ಹಿಡಿದಾಗ ಮತ್ತು ಬಿಸಿಲು ಏರಿದಾಗ, ರಾಡ್ ನೋಡಿ.

ಹಲಸಿನ ಹಲಗೆ? ಖಂಡಿತ ಆಗುತ್ತದೆ. ವೀಣೆ ಮಾಡುವುದೇ ಹಲಸಿನಲ್ಲಿ. ನಿಮ್ಮ ಕಿಟ್ಟಿನ ಫ್ರೆಟ್‌ಬೋರ್ಡ್ ಕೂಡ ನಮ್ಮ ಕಾಡಿನ ನೆಂಟನೇ ಇರಬಹುದು. ಬೀಟೆಯನ್ನು ಗಿಟಾರಿಗೆ ಜಗತ್ತೆಲ್ಲ ಬಳಸುತ್ತಾರೆ. 2017ರಲ್ಲಿ ಆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ) ಒಪ್ಪಂದದ ನಿಯಮ ಬಿಗಿಯಾಯಿತು. ಆಮೇಲೆ ಅಗ್ಗದ ಗಿಟಾರುಗಳಲ್ಲಿ ಇಂಡಿಯನ್ ಲಾರೆಲ್ ಬಂತು. ಅದು ನಮ್ಮ ಮತ್ತಿ ಮರ. ನಿಮ್ಮ ಹಲಸು ಎಷ್ಟು ಒಣಗಿದೆ ಅನ್ನುವುದೊಂದೇ ಪ್ರಶ್ನೆ. ಬಾಡಿ 45 ಮಿಲಿಮೀಟರ್ ದಪ್ಪ ಇರಬೇಕು. ಗಾಳಿಯಲ್ಲಿ ಒಣಗಲು ಇಂಚಿಗೆ ಒಂದು ವರ್ಷ ಅನ್ನುವುದು ಬಡಗಿಗಳ ಲೆಕ್ಕ. ಮಲೆನಾಡಿನಲ್ಲಿ ಅದಕ್ಕೂ ಜಾಸ್ತಿ. ಕೊಯ್ಯಿಸಿ ಮೂರು ವರ್ಷ ಆಗಿದ್ದರೆ ಮುಂದಿನ ಬೇಸಿಗೆಯಲ್ಲಿ ಕೆಲಸ ಹಿಡಿಯಿರಿ. ಹೋದ ವರ್ಷ ಕೊಯ್ಯಿಸಿದ್ದಾದರೆ ತುದಿಗಳಿಗೆ ಹಳೇ ಪೇಂಟ್ ಬಳಿದು, ನೆಲ ತಾಗದಂತೆ ಅಡಿಗೆ ರೀಪು ಕೊಟ್ಟು, ಗಾಳಿಯಾಡುವ ನೆರಳಲ್ಲಿ ಇಡಿ. ಅಲ್ಲಿಯವರೆಗೆ ಈ ಕಿಟ್ಟಿನ ಬಾಡಿಯನ್ನು ರಟ್ಟಿನ ಮೇಲಿಟ್ಟು ಗೆರೆ ಎಳೆದು ಅಚ್ಚು ತೆಗೆದುಕೊಳ್ಳಿ. ನೆಕ್ ಕೂರುವ ಗುಂಡಿಯ ಆಳ, ಉದ್ದ, ಅಗಲವನ್ನೂ ಅದರ ಮೇಲೆ ಬರೆದಿಡಿ.